ಎಂಟು ಜನರ ಡ್ರಾಫ್ಟು, ನನಗೆ ಎಂಟನೇ ಚೀಟಿ. ಮೊದಲು ಯಾರನ್ನು ಎತ್ತಲಿ?

ಪೆರ್ಲದ ರೆಡ್ | ಆಗಸ್ಟ್ 7, 2025, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಈ ಸಲ ನಾವು ಎಂಟು ಜನ ಸೇರಿ ಇಂಗ್ಲಿಷ್ ಫುಟ್ಬಾಲಿನ ಪ್ರೀಮಿಯರ್ ಲೀಗಿನ ಫ್ಯಾಂಟಸಿ ಡ್ರಾಫ್ಟ್ ಆಡುತ್ತಿದ್ದೇವೆ. ಫ್ಯಾಂಟಸಿ ಅಂದರೆ ನಿಜವಾದ ಆಟಗಾರರನ್ನು ಆರಿಸಿ ನಮ್ಮ ತಂಡ ಕಟ್ಟುವುದು, ಅವರು ಮೈದಾನದಲ್ಲಿ ಆಡಿದ್ದಕ್ಕೆ ನಮಗೆ ಅಂಕ. ಮೂರು ವರ್ಷ ಮಾಮೂಲಿ ಫ್ಯಾಂಟಸಿ ಆಡಿದೆವು, ಆ 100 ಮಿಲಿಯನ್ ಬಜೆಟ್ಟಿನದ್ದು. ಡಿಸೆಂಬರ್ ಬರುವಾಗ ಎಂಟು ತಂಡವೂ ಒಂದೇ ತರ. ಎಲ್ಲರ ಹತ್ತಿರವೂ ಲಿವರ್‌ಪೂಲಿನ ಸಲಾಹ್, ಎಲ್ಲರ ಕ್ಯಾಪ್ಟನ್ನೂ ಸಲಾಹ್. ಮತ್ತೆ ಜಗಳ ಮಾಡಲಿಕ್ಕೆ ಎಂತ ಉಳಿಯಿತು?

ಡ್ರಾಫ್ಟಿನಲ್ಲಿ ಹಾಗಿಲ್ಲ. ಒಬ್ಬ ಆಟಗಾರ ಒಬ್ಬರಿಗೆ ಮಾತ್ರ. ಬಜೆಟ್ ಇಲ್ಲ, ಕ್ಯಾಪ್ಟನ್ ಇಲ್ಲ. 2 ಗೋಲಿ (ಗೋಲ್‌ಕೀಪರ್), 5 ಡಿಫೆಂಡರ್, 5 ಮಿಡ್‌ಫೀಲ್ಡರ್, 3 ಫಾರ್ವರ್ಡ್, ಒಟ್ಟು 15. ಸರತಿ ಹಾವಿನ ಹಾಗೆ ತಿರುಗುತ್ತದೆ: ಮೊದಲ ಸುತ್ತು 1ರಿಂದ 8, ಎರಡನೆಯದು 8ರಿಂದ 1. ನಮ್ಮಲ್ಲಿ ಮಳೆಗೆ ನೆಟ್‌ವರ್ಕ್ ನಿಲ್ಲುವುದಿಲ್ಲ. ಹಾಗಾಗಿ ಆ್ಯಪ್ ಬಿಟ್ಟು ನಾವೇ ಚೀಟಿ ಎತ್ತಿದೆವು. ದೊಡ್ಡ ಹಾಳೆಯಲ್ಲಿ ಬರೆದುಕೊಳ್ಳುತ್ತೇವೆ. ನಿಯಮ, ಅಂಕ ಎಲ್ಲ ಎಫ್‌ಪಿಎಲ್‌ನದ್ದೇ, ಅಂದರೆ ಲೀಗಿನವರ ಅಧಿಕೃತ ಫ್ಯಾಂಟಸಿಯದ್ದೇ.

ನನಗೆ ಬಂದದ್ದು ಎಂಟನೇ ಚೀಟಿ. ಸಲಾಹ್ ಇಲ್ಲ, ಹಾಲಂಡ್ ಇಲ್ಲ. ನಾನು 2005ರಿಂದ ಲಿವರ್‌ಪೂಲ್. ಇಸ್ತಾನ್‌ಬುಲ್ಲಿನ ಚಾಂಪಿಯನ್ಸ್ ಲೀಗ್ ಫೈನಲ್ ನೋಡಿದ ಮೇಲೆ ಬೇರೆ ತಂಡ ಮನಸ್ಸಿಗೆ ಹೋಗಲಿಲ್ಲ. ಸಲಾಹ್ ಇನ್ನೊಬ್ಬರ ಹಾಳೆಯಲ್ಲಿ ಇರುವುದನ್ನು ನೋಡುವುದೇ ಕಷ್ಟ.

ಭಾನುವಾರ ಸಂಜೆ 4ಕ್ಕೆ, ಅಡಿಕೆ ಗೋದಾಮಿನ ಮೇಲಿನ ಕೋಣೆಯಲ್ಲಿ. ಯಾರನ್ನು ಎತ್ತಲಿ, ಹೇಳಿ.

ಲೆಕ್ಕದ ಮಾಷ್ಟ್ರು | ರಾತ್ರಿ 10.05

ಎಂಟನೇ ಚೀಟಿ ಕೆಟ್ಟದ್ದು ಅಂತ ಯಾರು ಹೇಳಿದ್ದು? ನಿಮಗೆ 8 ಮತ್ತು 9 ಎರಡೂ ಒಟ್ಟಿಗೆ ಸಿಗುತ್ತದೆ. ಆಮೇಲೆ 24-25, 40-41, 56-57. ಯಾವಾಗಲೂ ಜೋಡಿ. ಒಂದನೇ ಚೀಟಿಯವರಿಗೆ ಸಲಾಹ್ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಅವರ ಎರಡನೇ ಸರದಿ ಬರುವುದು 16ಕ್ಕೆ. ಅಷ್ಟರಲ್ಲಿ 14 ಜನ ಹೋಗಿರುತ್ತಾರೆ.

ಜೋಡಿಯಾಗಿ ಎತ್ತುವವರು ಗಾಳಿ ಬದಲಾಯಿಸಬಹುದು. ಇಬ್ಬರು ಫಾರ್ವರ್ಡ್ ಎತ್ತಿದಿರೋ, ಬಾಕಿಯವರು ಹೆದರಿ ಫಾರ್ವರ್ಡ್ ಹಿಂದೆ ಓಡುತ್ತಾರೆ. ಆಗ ಒಳ್ಳೆ ಮಿಡ್‌ಫೀಲ್ಡರ್ ನಿಮ್ಮ 24ರ ವರೆಗೂ ಉಳಿಯುತ್ತಾರೆ.

ಕಷ್ಟ ಒಂದೇ. 9 ಆದ ಮೇಲೆ 24ರ ವರೆಗೆ ಸುಮ್ನೆ ಕೂತಿರಬೇಕು. ನಿಮಗೆ ಬೇಕಾದವರು ಆ ಹೊತ್ತಿನಲ್ಲಿ ಹೋಗುತ್ತಾರೆ. ಹಾಗಾಗಿ "ಮುಂದಿನ ಸಲ ಎತ್ತುವ" ಎನ್ನುವುದು ನಿಮಗೆ ಇಲ್ಲ. ಬೇಕು ಅನ್ನಿಸಿದರೆ ಆಗಲೇ ಎತ್ತಿ.

ಹೊಸದುರ್ಗದ ನೀಲಿ | ರಾತ್ರಿ 10.11

ಚೆಲ್ಸಿಯ ಪಾಮರ್ ಆಸೆ ಬಿಡಿ. ಎಂಟರ ವರೆಗೆ ಬರುವುದೇ ಇಲ್ಲ.

ಉಪ್ಪಳ ಗನ್ನರ್ | ರಾತ್ರಿ 10.20

ಯೋಕೆರೆಸ್ ಎತ್ತಿ. ಆರ್ಸೆನಲ್‌ಗೆ ಎಷ್ಟೋ ವರ್ಷದ ಮೇಲೆ ಸರಿಯಾದ ಒಂಬತ್ತನೇ ನಂಬರ್ (ಮುಂದೆ ನಿಂತು ಗೋಲು ಹೊಡೆಯುವವ) ಬಂದಿದೆ. ಜೊತೆಗೆ ನಮ್ಮ ಒಬ್ಬ ಡಿಫೆಂಡರ್. 2024-25ರಲ್ಲಿ ಗೋಲಿಗಳ ಗೋಲ್ಡನ್ ಗ್ಲವ್ ಪ್ರಶಸ್ತಿ ನಮ್ಮ ರಾಯಾ ಮತ್ತು ಫಾರೆಸ್ಟಿನ ಸೆಲ್ಸ್ ಹಂಚಿಕೊಂಡದ್ದು, ತಲಾ 13 ಕ್ಲೀನ್ ಶೀಟ್, ಅಂದರೆ ಒಂದೂ ಗೋಲು ಬಿಡದ ಪಂದ್ಯ. ಡಿಫೆಂಡರಿಗೆ ಒಂದೊಂದು ಕ್ಲೀನ್ ಶೀಟಿಗೂ 4 ಅಂಕ. ಗೋಲು ಹೊಡೆದರೆ 6. ನಮ್ಮವರು ಕಾರ್ನರ್‌ನಲ್ಲಿ ಹೊಡೆಯುತ್ತಾರೆ ಅಂತ ಎಲ್ಲರಿಗೂ ಗೊತ್ತು.

ಲೆಕ್ಕದ ಮಾಷ್ಟ್ರು | ರಾತ್ರಿ 10.31

ಗನ್ನರೇ, ಡಿಫೆಂಡರ್ ವಿಷಯದಲ್ಲಿ ಈ ವರ್ಷ ಲೆಕ್ಕ ಬದಲಾಗಿದೆ. ಹೊಸ ನಿಯಮ ಉಂಟು. ಒಂದು ಪಂದ್ಯದಲ್ಲಿ ಡಿಫೆಂಡರ್ ಕ್ಲಿಯರೆನ್ಸ್, ಬ್ಲಾಕ್, ಇಂಟರ್‌ಸೆಪ್ಷನ್, ಟ್ಯಾಕಲ್ ಎಲ್ಲ ಸೇರಿ 10 ಮಾಡಿದರೆ 2 ಅಂಕ. ಮಿಡ್‌ಫೀಲ್ಡರ್ ಮತ್ತು ಫಾರ್ವರ್ಡಿಗೆ 12 ಬೇಕು, ಅವರಿಗೆ ಚೆಂಡು ಮರಳಿ ಪಡೆದದ್ದೂ ಲೆಕ್ಕಕ್ಕೆ ಬರುತ್ತದೆ. ಅಂದರೆ ದಿನವಿಡೀ ಒತ್ತಡದಲ್ಲಿ ಆಡುವ ತಂಡದ ಸೆಂಟರ್ ಬ್ಯಾಕಿಗೂ ಬೆಲೆ ಬಂತು. ಎವರ್ಟನ್ನಿನ ಟಾರ್ಕೋವ್‌ಸ್ಕಿ ತರದವರು. ಅಂಥವರು ಹತ್ತನೇ ಸುತ್ತಿನಲ್ಲೂ ಸಿಗುತ್ತಾರೆ. ಎರಡನೇ ಸುತ್ತಿನಲ್ಲಿ ಡಿಫೆಂಡರ್ ಎತ್ತುವುದು ದಂಡ.

ಚೆಂಡೆಪೆಟ್ಟು | ಆಗಸ್ಟ್ 8, ಬೆಳಿಗ್ಗೆ 6.50

ರೆಡ್ ಅಣ್ಣ, ಭಾನುವಾರ ಏಳು ಗಂಟೆಗೆ ಯಕ್ಷಗಾನ ತಾಳಮದ್ದಳೆ ಇರುವುದು ಮರೆತು ಹೋಯಿತಾ? ನಿಮ್ಮ ಎಂಟು ಜನರಲ್ಲಿ ಇಬ್ಬರು ಹಿಮ್ಮೇಳದವರು. ನಾನೇ ಒಬ್ಬ. ಆಟಿ ತಿಂಗಳಲ್ಲಿ ವರ್ಷಕ್ಕೆ ಇಷ್ಟು ಕೂಟ ಸಿಗುವುದು. ಅರ್ಥ ಹೇಳುವವರು ದೂರದಿಂದ ಮಳೆಯಲ್ಲಿ ಬರುತ್ತಾರೆ. ಅವರು ಬಂದು ಕೂತ ಮೇಲೆ ನಾನು ಗೋದಾಮಿನಿಂದ ಓಡಿ ಬಂದು ಚೆಂಡೆ ಬಿಗಿಯುವುದು ಸರಿಯಲ್ಲ. 6.15ಕ್ಕೆ ನಾನು ಎದ್ದು ಹೋಗುತ್ತೇನೆ. ಮುಗಿದಿದ್ದರೂ ಸರಿ, ಇಲ್ಲದಿದ್ದರೂ ಸರಿ.

ಪೆರ್ಲದ ರೆಡ್ | ಬೆಳಿಗ್ಗೆ 7.30

ಮರೆತಿಲ್ಲ ಮಾರಾಯ. ಅದಕ್ಕೇ 4 ಗಂಟೆಗೆ ಇಟ್ಟದ್ದು.

ಬೆಂಗಳೂರಿನಿಂದ ಬದಿಯಡ್ಕ | ಬೆಳಿಗ್ಗೆ 8.15

8 ಜನ, 15 ಸುತ್ತು, 120 ಆಯ್ಕೆ. ಒಬ್ಬರಿಗೆ 90 ಸೆಕೆಂಡ್ ಕೊಟ್ಟರೆ ಮೂರು ಗಂಟೆ. 60 ಸೆಕೆಂಡ್ ಕೊಟ್ಟರೆ ಎರಡೇ ಗಂಟೆ. 60 ಇಡಿ. ಮೊಬೈಲಿನಲ್ಲಿ ಗಂಟೆ ಇಟ್ಟು ಒಬ್ಬರು ಕೂಗಬೇಕು. ಇಲ್ಲಿ ನಮ್ಮ ಆಫೀಸಿನಲ್ಲಿ ಹೋದ ವರ್ಷ ಸಮಯ ಇಡದೆ ಶುರು ಮಾಡಿ ರಾತ್ರಿ ಹನ್ನೊಂದಾಗಿತ್ತು, ಕೊನೆಯ ನಾಲ್ಕು ಸುತ್ತು ಎಲ್ಲರೂ ಬಾಯಿಗೆ ಬಂದ ಹೆಸರು ಹೇಳಿದರು.

ನನಗೆ ಇಲ್ಲಿಂದ ನೋಡುವಾಗ ಹೊಟ್ಟೆ ಉರಿಯುತ್ತದೆ. ಅಡಿಕೆ ವಾಸನೆ, ಮಳೆ, ಡ್ರಾಫ್ಟು, ಆಮೇಲೆ ತಾಳಮದ್ದಳೆ. ಒಂದೇ ಸಂಜೆಗೆ ಇಷ್ಟೆಲ್ಲ!

ಮೊಗ್ರಾಲ್ ಎಡಗಾಲು | ಬೆಳಿಗ್ಗೆ 10.40

ಎಲ್ಲರೂ ಕಳೆದ ವರ್ಷದ ಅಂಕ ನೋಡಿ ಮಾತಾಡುತ್ತಿದ್ದೀರಿ. ಸಲಾಹ್ 29 ಗೋಲು, 18 ಅಸಿಸ್ಟ್, 344 ಅಂಕ, ಸರಿ. ಫ್ಯಾಂಟಸಿಯಲ್ಲಿ ಅಷ್ಟು ಅಂಕ ಯಾರಿಗೂ ಬಂದದ್ದಿಲ್ಲ. ಆದರೆ ಡಿಸೆಂಬರ್ 21ರಿಂದ ಜನವರಿ 18ರ ವರೆಗೆ ಮೊರೊಕ್ಕೊದಲ್ಲಿ ಆಫ್ರಿಕಾ ಕಪ್ ಉಂಟು. ಈಜಿಪ್ಟಿನ ಸಲಾಹ್ ಹೋಗುತ್ತಾನೆ. ಕ್ಯಾಮರೂನಿನ ಎಂಬ್ಯೂಮೋ ಹೋಗುತ್ತಾನೆ. ಮಾಮೂಲಿ ಫ್ಯಾಂಟಸಿಯಾದರೆ ಮಾರಿ ಇನ್ನೊಬ್ಬನನ್ನು ತರಬಹುದು. ಡ್ರಾಫ್ಟಿನಲ್ಲಿ ಬಿಟ್ಟರೆ ಬೇರೆಯವರು ಎತ್ತಿಕೊಳ್ಳುತ್ತಾರೆ. ಬೆಂಚಿನಲ್ಲಿ ಕೂರಿಸಿಕೊಂಡೇ ಒಂದು ತಿಂಗಳು ಕಳೆಯಬೇಕು.

ನನ್ನ ಸಲಹೆ ಒಂದೇ ಹೆಸರು. ಬೋರ್ನ್‌ಮತ್ತಿನ ಸೆಮೆನ್ಯೊ. ಹೋದ ವರ್ಷ ಲೀಗಿನಲ್ಲಿ 11 ಗೋಲು. ಎರಡೂ ಕಾಲಲ್ಲಿ ಹೊಡೆಯುತ್ತಾನೆ. ಗೋಲು ಕಂಡಲ್ಲಿಂದ ಹೊಡೆಯುತ್ತಾನೆ, ಹೆದರಿಕೆ ಇಲ್ಲ. ಫ್ಯಾಂಟಸಿಯಲ್ಲಿ ಮಿಡ್‌ಫೀಲ್ಡರ್ ಅಂತ ಹಾಕಿದ್ದಾರೆ, ಅಂದರೆ ಗೋಲಿಗೆ 4 ಅಲ್ಲ, 5 ಅಂಕ. ಅವನ ದೇಶ ಘಾನಾ ಈ ಸಲದ ಆಫ್ರಿಕಾ ಕಪ್ಪಿಗೆ ಅರ್ಹತೆಯೇ ಪಡೆದಿಲ್ಲ. ಡಿಸೆಂಬರಿನಲ್ಲೂ ಇಲ್ಲೇ ಇರುತ್ತಾನೆ. 24ನೇ ಸರದಿಗೆ ಅವನನ್ನು ಎತ್ತಿ. ಕಣ್ಣು ಮುಚ್ಚಿ ಎತ್ತಿ.

ನಾನು ಹದಿನೈದು ವರ್ಷ ಸೆವೆನ್ಸ್ (ಏಳೇಳು ಜನರ ಫುಟ್ಬಾಲ್) ಆಡಿದವ. ಗೋಲಿನ ಎದುರು ಎರಡು ಸಲ ಯೋಚಿಸುವವನಿಗೆ ಸೆವೆನ್ಸಿನಲ್ಲಿ ಜಾಗ ಇಲ್ಲ. ಸೆಮೆನ್ಯೊ ನಮ್ಮ ಸೆವೆನ್ಸಿಗೆ ಹೇಳಿ ಮಾಡಿಸಿದ ಆಟಗಾರ.

ಪೆರ್ಲದ ರೆಡ್ | ಬೆಳಿಗ್ಗೆ 11.02

ಎಡಗಾಲು ಅಣ್ಣ, ಮೊದಲ ಪಂದ್ಯವೇ ಲಿವರ್‌ಪೂಲ್-ಬೋರ್ನ್‌ಮತ್, ನಮ್ಮ ಆನ್‌ಫೀಲ್ಡ್ ಮೈದಾನದಲ್ಲಿ. ನಮ್ಮ ಆಟಗಾರ ಜೋಟಾ ತೀರಿಹೋದ ಮೇಲೆ ಮೊದಲ ಲೀಗ್ ಪಂದ್ಯ. ಅವನ 20 ನಂಬರಿನ ಅಂಗಿಯನ್ನು ಕ್ಲಬ್ ಇನ್ನು ಯಾರಿಗೂ ಕೊಡುವುದಿಲ್ಲ. ಅಂಥ ರಾತ್ರಿ ನಮ್ಮ ಎದುರು ಗೋಲು ಹೊಡೆಯುವವನನ್ನು ನನ್ನ ತಂಡಕ್ಕೆ ಎತ್ತಲಾ? ಮನಸ್ಸು ಒಪ್ಪುವುದಿಲ್ಲ.

ನೀರ್ಚಾಲು ಮದ್ದಳೆ | ಮಧ್ಯಾಹ್ನ 1.15

ನಾನು ಎಂಟರಲ್ಲಿ ಐದನೇ ಚೀಟಿ. ಯಾರನ್ನು ಎತ್ತುತ್ತೇನೆ ಅಂತ ಇಲ್ಲಿ ಹೇಳುವುದಿಲ್ಲ. ಒಂದು ಮಾತು ಮಾತ್ರ.

ಯಕ್ಷಗಾನದ ಮೇಳ ಕಟ್ಟುವುದು ನೋಡಿದ್ದೀರಲ್ಲ? ಯಜಮಾನರು ಹತ್ತು ಜನ ಕಿರೀಟ ವೇಷದವರನ್ನು ಸೇರಿಸಿಕೊಂಡರೆ ಆಟ ಏಳುತ್ತದಾ? ಪುಂಡುವೇಷ ಬೇಕು, ಸ್ತ್ರೀವೇಷ ಬೇಕು, ಬಣ್ಣದ ವೇಷ ಬೇಕು, ಹಾಸ್ಯ ಬೇಕು. ಒಳ್ಳೆಯ ಬಣ್ಣದ ವೇಷದವರು ಊರಿಗೆ ಕೆಲವರೇ. ಅವರನ್ನು ಮೊದಲು ಮಾತಾಡಿ ಇಟ್ಟುಕೊಳ್ಳಬೇಕು. ಡ್ರಾಫ್ಟಿನಲ್ಲಿ ಫಾರ್ವರ್ಡ್ ಹಾಗೆ. ಎಂಟು ಜನಕ್ಕೆ ತಲಾ ಮೂರರ ಹಾಗೆ 24 ಫಾರ್ವರ್ಡ್ ಬೇಕು. ಲೀಗಿನಲ್ಲಿ 20 ತಂಡ, ಹೆಚ್ಚಿನವರು ಒಬ್ಬನೇ ಫಾರ್ವರ್ಡ್ ಇಟ್ಟು ಆಡುತ್ತಾರೆ. ಲೆಕ್ಕ ಮಾಡಿ. ಎಲ್ಲಿ ಬರ ಉಂಟೋ ಅಲ್ಲಿ ಮೊದಲು ಕೈ ಹಾಕಬೇಕು.

ಚೆಂಡೆಪೆಟ್ಟು | ಮಧ್ಯಾಹ್ನ 1.40

ಹೋಲಿಕೆ ಒಪ್ಪಿದೆ. ಆದರೆ ಬಣ್ಣದ ವೇಷ ಫಾರ್ವರ್ಡ್ ಅಲ್ಲ. ಬಣ್ಣದ ವೇಷ ಬರುವುದು ತಡವಾಗಿ, ಅಬ್ಬರ ಜೋರು, ರಂಗ ಪೂರ್ತಿ ಅವರದ್ದೇ. ಅದು ಸೆಂಟರ್ ಬ್ಯಾಕ್. ಪುಂಡುವೇಷ ಫಾರ್ವರ್ಡ್. ಧೀಂಗಿಣ ಹೊಡೆದು ಕಣ್ಣು ಕಟ್ಟುವವರು.

ನೀರ್ಚಾಲು ಮದ್ದಳೆ | ಮಧ್ಯಾಹ್ನ 1.44

ನಾನು ಹೇಳಿದ್ದು ಬರದ ವಿಷಯ, ಕುಣಿತದ್ದಲ್ಲ.

ಚೆಂಡೆಪೆಟ್ಟು | ಮಧ್ಯಾಹ್ನ 1.46

ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಕೂತು ವೇಷದ ಲೆಕ್ಕ ತಪ್ಪಬಾರದು ಮಾರಾಯ. ಅಷ್ಟೇ.

ಲೆಕ್ಕದ ಮಾಷ್ಟ್ರು | ಮಧ್ಯಾಹ್ನ 2.10

ಮದ್ದಳೆಯವರ ಲೆಕ್ಕ ಸರಿ. ಒಂದು ಸೇರಿಸುತ್ತೇನೆ. ಆಡಿಸುವಾಗ ಕನಿಷ್ಠ ಒಬ್ಬ ಫಾರ್ವರ್ಡ್ ಇದ್ದರೆ ಸಾಕು. ಹಾಗಾಗಿ ಮೂರೂ ಜನ ದೊಡ್ಡ ಹೆಸರು ಬೇಡ. ಒಬ್ಬ ಗಟ್ಟಿ ಫಾರ್ವರ್ಡ್, ನಾಲ್ಕು ಗಟ್ಟಿ ಮಿಡ್‌ಫೀಲ್ಡರ್. ಗೋಲಿಯನ್ನು ಕೊನೆಗೆ ಎತ್ತಿ.

ತಳಂಗರೆ ಸಿಕ್ಸರ್ | ಸಂಜೆ 4.30

ಫುಟ್ಬಾಲಿನ ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ರೆಡ್ ಅವರ ಪ್ರಶ್ನೆಗೆ ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಉತ್ತರ ಉಂಟು. ತೃಕ್ಕರಿಪುರದ ಮುಹಮ್ಮದ್ ರಫಿ. 2014ರ ಡಿಸೆಂಬರ್ 20, ಮೊದಲ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್. ಒಂದು ಕಡೆ ಕೇರಳ ಬ್ಲಾಸ್ಟರ್ಸ್, ಇನ್ನೊಂದು ಕಡೆ ಕೋಲ್ಕತ್ತ. ಇಂಜುರಿ ಟೈಮಿನಲ್ಲಿ ಕಾರ್ನರ್ ಬಂತು. ರಫಿ ತಲೆ ಕೊಟ್ಟರು, ಗೋಲು. 1-0. ರಫಿ ಇದ್ದದ್ದು ಕೋಲ್ಕತ್ತ ತಂಡದಲ್ಲಿ! ನಮ್ಮ ಕೇರಿಯಲ್ಲಿ ಎಲ್ಲರೂ ಬ್ಲಾಸ್ಟರ್ಸ್ ಅಂಗಿ ಹಾಕಿ ಕೂತಿದ್ದರು. ಅರ್ಧ ಜನ ತಲೆ ಮೇಲೆ ಕೈ ಇಟ್ಟರು. ಅರ್ಧ ಜನ "ನಮ್ಮ ರಫಿ" ಅಂತ ಕುಣಿದರು. ಒಂದೇ ಅಂಗಿ ಹಾಕಿದವರು.

2016ರ ಫೈನಲ್ ಕೊಚ್ಚಿಯಲ್ಲಿ. ಆಗ ರಫಿ ಬ್ಲಾಸ್ಟರ್ಸ್‌ನಲ್ಲಿ. ಮತ್ತೆ ತಲೆಯಿಂದಲೇ ಗೋಲು, ಈ ಸಲ ಕೋಲ್ಕತ್ತದ ವಿರುದ್ಧ. 1-1 ಆಗಿ ಪೆನಾಲ್ಟಿಯಲ್ಲಿ ಬ್ಲಾಸ್ಟರ್ಸ್ ಸೋತಿತು.

ಅಂದರೆ ತಂಡವನ್ನು ಪ್ರೀತಿಸುವುದು ಬೇರೆ, ಆಟಗಾರನನ್ನು ಪ್ರೀತಿಸುವುದು ಬೇರೆ. ಎರಡೂ ಒಂದೇ ಹೊಟ್ಟೆಯಲ್ಲಿ ಇರಬಹುದು.

ಉಪ್ಪಳ ಗನ್ನರ್ | ಸಂಜೆ 4.52

ಒಳ್ಳೆ ಮಾತು ಸಿಕ್ಸರೇ. ತಳಂಗರೆ ಅಂದ ಮೇಲೆ ಕೇರಳ ತಂಡದ ಕ್ರಿಕೆಟಿಗ ಅಜರುದ್ದೀನ್ ಬಗ್ಗೆ ಎರಡು ಮಾತು ಹೇಳದೆ ಹೋಗುತ್ತೀರಾ?

ತಳಂಗರೆ ಸಿಕ್ಸರ್ | ಸಂಜೆ 5.05

ಅದಕ್ಕೇ ಕಾಯುತ್ತಿದ್ದೆ! 2021ರ ಜನವರಿ, ವಾಂಖೆಡೆ, ಎದುರು ಮುಂಬೈ. 37 ಎಸೆತಕ್ಕೆ ನೂರು. 54 ಎಸೆತಕ್ಕೆ 137, ಔಟಾಗಲಿಲ್ಲ. ಈ ವರ್ಷ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಗುಜರಾತ್ ವಿರುದ್ಧ ರಣಜಿ ಸೆಮಿಫೈನಲ್, ಔಟಾಗದೆ 177. ಕೇರಳ 457. ಗುಜರಾತ್ 455ಕ್ಕೆ ಮುಗಿಯಿತು. ಕೊನೆಯ ವಿಕೆಟಿಗೆ ಚೆಂಡು ಶಾರ್ಟ್ ಲೆಗ್ಗಿನಲ್ಲಿದ್ದವನ ಹೆಲ್ಮೆಟ್ಟಿಗೆ ತಾಗಿ ಸ್ಲಿಪ್ಪಿನಲ್ಲಿದ್ದ ಸಚಿನ್ ಬೇಬಿ ಕೈಗೆ ಬಂತು. ಎರಡು ರನ್ ಮುನ್ನಡೆಯಲ್ಲಿ ಕೇರಳ ಮೊದಲ ಸಲ ರಣಜಿ ಫೈನಲ್ಲಿಗೆ ಹೋಯಿತು. ಆ ದಿನ ನಮ್ಮಲ್ಲಿ ಪೆರ್ನಾಳ್ (ಈದ್) ಬೇಗ ಬಂದ ಹಾಗೆ ಇತ್ತು.

ಮುಳ್ಳೇರಿಯ ಸ್ಮ್ಯಾಶ್ | ರಾತ್ರಿ 8.25

ನಾನು ಫ್ಯಾಂಟಸಿ ಆಡುವವಳಲ್ಲ. ವಾಲಿಬಾಲ್ ಆಡುವವಳು. ಆದರೆ ಈ ಹಾವಿನ ಸರತಿ ಓದಿದಾಗಿನಿಂದ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ.

ನಮ್ಮ ಕಡೆ ಈಗ ಎಲ್ಲೆಲ್ಲೂ ಊರಿನ ಪ್ರೀಮಿಯರ್ ಲೀಗ್. ಅಂಡರ್‌ಆರ್ಮ್ ಕ್ರಿಕೆಟ್ಟಿಗೂ ಹರಾಜು, ವಾಲಿಬಾಲಿಗೂ ಹರಾಜು. ಸ್ಟೇಜು, ಲೈಟು, ಮೈಕು. ಮಾಲೀಕರು ಕುರ್ಚಿಯಲ್ಲಿ ಕೂತು ಪಾಯಿಂಟು ಕೂಗುತ್ತಾರೆ. ಎರಡು ವರ್ಷ ಹಿಂದೆ ಇಂಥ ಒಂದು ಹರಾಜಿನಲ್ಲಿ ನನ್ನ ತಮ್ಮನ ಹೆಸರು ಬಂತು. ಅವನಿಗೆ ಆಗ ಹದಿನೆಂಟು. ಫೋಟೋ ದೊಡ್ಡ ಪರದೆಯಲ್ಲಿ ಹಾಕಿದರು. ಮೈಕಿನಲ್ಲಿ ಒಂದು ಸಲ ಕೂಗಿದರು, ಎರಡು ಸಲ, ಮೂರು ಸಲ. ಯಾರೂ ಕೈ ಎತ್ತಲಿಲ್ಲ. ಅಷ್ಟು ಹೊತ್ತೂ ಹಿಂದೆ ಸಿನಿಮಾ ಹಾಡಿನ ಡ್ರಮ್ಮು ಹೊಡೆಯುತ್ತಿತ್ತು. "ಅನ್‌ಸೋಲ್ಡ್" ಅಂತ ಹೇಳಿ ಮುಂದಿನ ಫೋಟೋ ಹಾಕಿದರು. ಅಪ್ಪ, ಚಿಕ್ಕಪ್ಪ, ಅವನ ಕಾಲೇಜಿನವರು ಎಲ್ಲ ಅಲ್ಲೇ ಇದ್ದರು. ಅವನು ಮನೆಗೆ ಬಂದು ಊಟ ಮಾಡಲಿಲ್ಲ. ಆ ವರ್ಷ ಬ್ಯಾಟ್ ಮುಟ್ಟಲಿಲ್ಲ. ನಮ್ಮ ಊರಿನ ಹುಡುಗನಿಗೆ ನಮ್ಮ ಊರಿನವರೇ ಬೆಲೆ ಇಲ್ಲ ಅಂತ ಮೈಕಿನಲ್ಲಿ ಹೇಳುವುದು ಎಂಥ ಆಟ?

ಈ ಡ್ರಾಫ್ಟಿನಲ್ಲಿ ಹಾಗೆ ಇಲ್ಲ ಅಲ್ವಾ? ಎಷ್ಟು ಆಟಗಾರರೋ ಅಷ್ಟು ಜಾಗ ಇಟ್ಟರೆ ಎಲ್ಲರೂ ಒಂದಲ್ಲ ಒಂದು ತಂಡಕ್ಕೆ ಹೋಗುತ್ತಾರೆ. ಊರಿನ ಲೀಗಿಗೆ ಯಾಕೆ ತರಬಾರದು? ಈ ತಿಂಗಳ ಕೊನೆಗೆ ನಮ್ಮಲ್ಲಿ ಕೆಸರುಗದ್ದೆ ವಾಲಿಬಾಲ್ ಉಂಟು.

ಮಂಜೇಶ್ವರದ ಗೋಲಿ | ರಾತ್ರಿ 8.50

ಅಕ್ಕ, ನಿಮ್ಮ ತಮ್ಮನ ವಿಷಯ ಓದಿ ಬೇಜಾರಾಯಿತು. ಆದರೆ ಹರಾಜು ಬೇಡ ಅನ್ನುವುದು ಅಷ್ಟು ಸುಲಭ ಅಲ್ಲ. ನಾನು ಎರಡು ಟೂರ್ನಮೆಂಟ್ ನಡೆಸಿದವ. ಪೆಂಡಾಲು, ಲೈಟು, ಟ್ರೋಫಿ, ಅಂಪೈರು, ಊಟ, ಎಲ್ಲಕ್ಕೂ ದುಡ್ಡು ಬರುವುದು ಮಾಲೀಕರಿಂದ. ಗಲ್ಫಿನಲ್ಲಿರುವವರು ಒಂದು ತಂಡ ತೆಗೆದುಕೊಳ್ಳುತ್ತಾರೆ. ಅವರಿಗೆ ಹರಾಜಿನ ದಿನವೇ ದೊಡ್ಡ ಗೌಜಿ. ಲೈವ್ ನೋಡುತ್ತಾ ಕೂಗುತ್ತಾರೆ. ಅದನ್ನು ತೆಗೆದರೆ ಅವರು ಬರುತ್ತಾರಾ?

ಮುಳ್ಳೇರಿಯ ಸ್ಮ್ಯಾಶ್ | ರಾತ್ರಿ 9.01

ಗೌಜಿ ಬೇಕು, ಒಪ್ಪಿದೆ. ಡ್ರಾಫ್ಟಿನಲ್ಲೂ ಗೌಜಿ ಉಂಟಲ್ಲ, ಈ ಮಾತುಕತೆ ನೋಡಿ! ಬೆಲೆ ಕಟ್ಟುವುದು ಬೇಡ ಅಂತ ಮಾತ್ರ ನಾನು ಹೇಳುವುದು.

ಲೆಕ್ಕದ ಮಾಷ್ಟ್ರು | ರಾತ್ರಿ 9.20

ಮುಳ್ಳೇರಿಯದ ತಂಗಿ ಹೇಳಿದ್ದು ನೂರಕ್ಕೆ ನೂರು ಸರಿ. ಗೋಲಿಯವರೇ, ಹರಾಜಿನಲ್ಲಿ ಇನ್ನೊಂದು ತೊಂದರೆ ನೀವೂ ನೋಡಿರಬೇಕು. ಒಬ್ಬರು ಇಬ್ಬರ ಮೇಲೆ ಪಾಯಿಂಟೆಲ್ಲ ಸುರಿದು ಕೊನೆಗೆ ಆಡಲು ಬಾರದವರನ್ನು ತುಂಬಿಸುತ್ತಾರೆ. ಮೊದಲ ದಿನವೇ ಆ ತಂಡ ಔಟ್.

ಹಾವಿನ ಸರತಿಯ ಚಂದ ನೋಡಿ. ಎಂಟು ತಂಡ. ಒಂದನೆಯವರಿಗೆ 1 ಮತ್ತು 16, ಕೂಡಿದರೆ 17. ನಾಲ್ಕನೆಯವರಿಗೆ 4 ಮತ್ತು 13, ಕೂಡಿದರೆ 17. ಎಂಟನೆಯವರಿಗೆ 8 ಮತ್ತು 9, 17. ಯಾವ ಚೀಟಿ ಬಂದರೂ ಎರಡು ಸುತ್ತಿನ ಮೊತ್ತ ಒಂದೇ. ಏಳನೇ ತರಗತಿ ಮಕ್ಕಳಿಗೆ ಇದನ್ನು ಹಲಗೆಯಲ್ಲಿ ಬರೆದು ತೋರಿಸಿದ್ದೇನೆ, ಕಣ್ಣರಳಿಸಿ ನೋಡಿದರು.

ನಿಮ್ಮ ವಾಲಿಬಾಲಿಗೆ ಆರು ಕ್ಯಾಪ್ಟನ್ ಇಡಿ. ಆರು ಸುತ್ತು. ಸುತ್ತು ಸಮಸಂಖ್ಯೆ ಇರಲಿ, ಆಗ ಯಾರಿಗೂ ಹೆಚ್ಚುಕಡಿಮೆ ಆಗುವುದಿಲ್ಲ. ಕ್ಯಾಪ್ಟನ್ ಸೇರಿ ಏಳು ಜನ, ಆರು ಆಟಗಾರರು, ಒಬ್ಬ ಬದಲಿ. ಮತ್ತೆ ಒಂದು ಮಾತು. ಆಯ್ಕೆ ಕ್ಯಾಪ್ಟನ್‌ಗಳ ನಡುವೆ ಕೋಣೆಯಲ್ಲಿ ಆಗಲಿ. ಹೊರಗೆ ತಂಡದ ಪಟ್ಟಿ ಹಾಕುವಾಗ ಅಕಾರಾದಿಯಲ್ಲಿ ಹಾಕಿ. ಯಾರು ಮೊದಲು, ಯಾರು ಕೊನೆ ಅಂತ ಯಾರಿಗೂ ಗೊತ್ತಾಗಬಾರದು.

ಬೆಂಗಳೂರಿನಿಂದ ಬದಿಯಡ್ಕ | ರಾತ್ರಿ 9.33

ಅಕಾರಾದಿ ಐಡಿಯಾ ಸೂಪರ್ ಮಾಷ್ಟ್ರೇ.

ಹೊಸದುರ್ಗದ ನೀಲಿ | ರಾತ್ರಿ 9.50

ಹರಾಜಿನ ಡ್ರಮ್ಮು ಅಂದಾಗ ನೆನಪಾಯಿತು. ಟೂರ್ನಮೆಂಟಿನಲ್ಲಿ ಆ ಡಿಜೆ ನಿಲ್ಲಿಸುವವರು ಯಾರೂ ಇಲ್ವಾ? ಒಂದು ಪಾಯಿಂಟು ಬಿದ್ದ ಕೂಡಲೇ ಹತ್ತು ಸೆಕೆಂಡ್ ಹಾಡು. ಮುಂದಿನ ಸರ್ವಿಸ್ ಆಗುವಾಗಲೂ ಹಾಡು. ಆಟ ನೋಡಲು ಬಂದವರಿಗೆ ಚೆಂಡಿನ ಸದ್ದೇ ಕೇಳುವುದಿಲ್ಲ. ಚೆಂಡೆಯೋ ಶಿಂಗಾರಿ ಮೇಳವೋ ಇಡಿ ಅಂತ ನಮ್ಮಲ್ಲಿ ಹೇಳುತ್ತಿದ್ದೇವೆ.

ಚೆಂಡೆಪೆಟ್ಟು | ರಾತ್ರಿ 10.15

ಚೆಂಡೆ ನುಡಿಸುವವನಾಗಿ ಹೇಳುತ್ತೇನೆ: ದಯವಿಟ್ಟು ಡಿಜೆಯ ಜಾಗಕ್ಕೆ ಚೆಂಡೆ ಇಡಬೇಡಿ. ಚೆಂಡೆ ಸದ್ದು ತುಂಬಿಸುವ ಸಾಮಾನು ಅಲ್ಲ. ಭಾಗವತರ ಪದ ಇರಬೇಕು, ತಾಳ ಇರಬೇಕು, ರಂಗದಲ್ಲಿ ಹೆಜ್ಜೆ ಇರಬೇಕು. ಆಗ ಪೆಟ್ಟಿಗೆ ಅರ್ಥ. ಎಡನೀರಿನ ಕೇಶವಾನಂದ ಭಾರತಿ ಸ್ವಾಮೀಜಿಯವರನ್ನು ದೇಶ ನೆನಪಿಡುವುದು 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ನಮಗೆ ನೆನಪಿರುವುದು ಅವರ ಭಾಗವತಿಕೆ. ಮಠದಲ್ಲಿ ಅವರು ಜಾಗಟೆ ಹಿಡಿದು ಕೂತರೆ ಚೆಂಡೆ ಎಲ್ಲಿ ಮೌನ ಇರಬೇಕು ಅನ್ನುವುದೂ ಗೊತ್ತಾಗುತ್ತಿತ್ತು ಅಂತ ನಮ್ಮ ಗುರುಗಳು ಹೇಳುತ್ತಿದ್ದರು. ಶೃಂಗಾರದ ಪದಕ್ಕೆ ಚೆಂಡೆ ಮುಟ್ಟುವುದಿಲ್ಲ, ಮದ್ದಳೆ ಸಾಕು. ಅಷ್ಟು ವಿವೇಕ ಇರುವ ವಾದ್ಯ ಅದು. ಅದನ್ನು ಮೈದಾನದ ಮೂಲೆಯಲ್ಲಿ ನಿಲ್ಲಿಸಿ ಪಾಯಿಂಟಿಗೊಮ್ಮೆ ಬಡಿಯಿರಿ ಅಂದರೆ ನನಗೆ ನೋವಾಗುತ್ತದೆ.

ಬಹುಮಾನ ಕೊಡುವಾಗ, ಮೆರವಣಿಗೆಯಲ್ಲಿ ಬೇಕಾದರೆ ನುಡಿಸುತ್ತೇನೆ. ಸಂತೋಷದಿಂದ.

ಮೊಗ್ರಾಲ್ ಎಡಗಾಲು | ರಾತ್ರಿ 10.40

ಸೆವೆನ್ಸ್ ಗ್ಯಾಲರಿಯಲ್ಲಿ ಕೂತು ಬೆಳೆದವನ ಮಾತು ಕೇಳಿ. ಮೊಗ್ರಾಲಿಗೆ ಇಶಲ್ ಗ್ರಾಮ, ಅಂದರೆ ಹಾಡಿನ ಊರು ಅಂತಲೇ ಹೆಸರು. ನಮಗೆ ಮಾಪಿಳ್ಳೆ ಪಾಟ್ಟೂ ಬೇಕು, ಫುಟ್ಬಾಲೂ ಬೇಕು. ನನ್ನ ಉಪ್ಪಾಪ್ಪ ಹಾಡುತ್ತಿದ್ದರು, ಸಂಜೆ ಗದ್ದೆಯಲ್ಲಿ ಆಡುತ್ತಿದ್ದರು. ಆದರೆ ಆಟದ ನಡುವೆ ಹಾಡಿದ್ದು ನಾನು ನೋಡಿಲ್ಲ. ಆಟ ಮುಗಿದ ಮೇಲೆ, ಗೆದ್ದವರ ಮನೆ ಅಂಗಳದಲ್ಲಿ ಹಾಡು, ದಫ್.

ಗೋಲು ಬಿದ್ದಾಗ ಜನರ ಬೊಬ್ಬೆ ಉಂಟಲ್ಲ, ಅದಕ್ಕಿಂತ ದೊಡ್ಡ ಸಂಗೀತ ಬೇಡ. ಆ ಬೊಬ್ಬೆಯ ಮೇಲೆ ಸ್ಪೀಕರ್ ಹಾಕಿ ಮುಚ್ಚುವುದು ನನಗೆ ಅರ್ಥವೇ ಆಗುವುದಿಲ್ಲ.

ಮಂಜೇಶ್ವರದ ಗೋಲಿ | ರಾತ್ರಿ 10.58

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಗೋಲ್‌ಕೀಪರಿಗೆ ಡಿಫೆಂಡರ್ ಕೂಗುವುದು ಕೇಳಬೇಕು. ಡಿಜೆ ಇದ್ದರೆ ಏನೂ ಕೇಳುವುದಿಲ್ಲ. ಒಂದು ಸಲ ಹಾಗೆಯೇ ನಾನೂ ನಮ್ಮ ಡಿಫೆಂಡರೂ ಡಿಕ್ಕಿ ಹೊಡೆದು ಅವನ ಹುಬ್ಬು ಸೀಳಿತ್ತು.

ಪೆರ್ಲದ ರೆಡ್ | ಆಗಸ್ಟ್ 10, ರಾತ್ರಿ 11.50

ಡ್ರಾಫ್ಟ್ ಮುಗಿಯಿತು. ತಾಳಮದ್ದಳೆಯೂ ಆಯಿತು. ಈಗಷ್ಟೇ ಮನೆಗೆ ಬಂದೆ. ಕರ್ಣನೂ ಶಲ್ಯನೂ ಮಾತಿಗೆ ಮಾತು ಕೊಟ್ಟದ್ದು ಇನ್ನೂ ಕಿವಿಯಲ್ಲಿ ಉಂಟು.

60 ಸೆಕೆಂಡ್ ಇಟ್ಟೆವು. 5.50ಕ್ಕೆ ಮುಗಿಯಿತು. ನಡುವೆ ಕರೆಂಟ್ ಹೋಯಿತು, ಮೊಬೈಲ್ ಬೆಳಕಿನಲ್ಲಿ ಬರೆದೆವು. ಮೊದಲ ಏಳು ಹೀಗೆ: ಸಲಾಹ್, ಹಾಲಂಡ್, ಪಾಮರ್, ಸಾಕಾ, ಇಸಾಕ್, ಎಂಬ್ಯೂಮೋ, ವಿರ್ಟ್ಸ್. ಇಸಾಕ್ ಎತ್ತಿದ್ದು ನೀರ್ಚಾಲು ಮದ್ದಳೆ. ಇಸಾಕ್ ನ್ಯೂಕಾಸಲ್ ಬಿಡುತ್ತೇನೆ ಅಂತ ಬೇರೆಯೇ ಅಭ್ಯಾಸ ಮಾಡುತ್ತಿದ್ದಾನೆ, ಬೇಡ ಅಂತ ಎಲ್ಲರೂ ಹೇಳಿದೆವು. ಕೇಳಲಿಲ್ಲ.

ನನ್ನ 8 ಮತ್ತು 9: ಬ್ರೂನೋ ಫೆರ್ನಾಂಡಿಸ್ ಮತ್ತು ಯೋಕೆರೆಸ್. ಹೌದು, ನಮ್ಮ ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್‌ನವನನ್ನೇ ಎತ್ತಿದೆ. ಪೆನಾಲ್ಟಿ ಅವನದ್ದೇ. ಕೈ ಸ್ವಲ್ಪ ನಡುಗಿತು.

24ರ ಸರದಿ ಬಂದಾಗ ಸೆಮೆನ್ಯೊ ಹಾಳೆಯಲ್ಲಿ ಇನ್ನೂ ಇದ್ದ. ಐವತ್ತು ಸೆಕೆಂಡ್ ಸುಮ್ನೆ ಕೂತೆ. ರಫಿ ನೆನಪಾದರು. ಎತ್ತಿದೆ.

ನೀರ್ಚಾಲು ಮದ್ದಳೆ | ಆಗಸ್ಟ್ 11, ಬೆಳಿಗ್ಗೆ 7.05

ಇಸಾಕ್ ಹೋದ ವರ್ಷ ಲೀಗಿನಲ್ಲಿ 23 ಗೋಲು. ಎಲ್ಲಿ ಆಡಿದರೂ ಹೊಡೆಯುತ್ತಾನೆ. ಮೊದಲ ಕೆಲವು ವಾರ ಇಲ್ಲದಿದ್ದರೂ ನಾನು ಕಾಯುತ್ತೇನೆ. ಫಾರ್ವರ್ಡ್ ಬರ ಅಂತ ಹೇಳಿದವನು ನಾನೇ, ಹೇಳಿದ ಹಾಗೆ ಮಾಡಿದ್ದೇನೆ.

ಲೆಕ್ಕದ ಮಾಷ್ಟ್ರು | ಬೆಳಿಗ್ಗೆ 7.40

ರೆಡ್ ಅವರೇ, ಇನ್ನೊಂದು ಒಳ್ಳೆಯ ಸುದ್ದಿ. ವೇವರ್ ನೆನಪಿಡಿ. ಯಾರೂ ಎತ್ತದ ಆಟಗಾರರನ್ನು ಬದಲಿಸಿಕೊಳ್ಳುವ ಸರದಿ ಮೊದಲ ವಾರ ಡ್ರಾಫ್ಟಿಗೆ ಉಲ್ಟಾ ನಡೆಯುತ್ತದೆ. ಎಂಟನೆಯವರಾದ ನಿಮಗೆ ಮೊದಲ ಅವಕಾಶ. ಆಮೇಲೆ ಪಟ್ಟಿಯಲ್ಲಿ ಕೊನೆ ಇರುವವರಿಗೆ ಮೊದಲು. ಗಡುವಿಗೆ 24 ಗಂಟೆ ಮೊದಲು ಅದು ಮುಗಿಯುತ್ತದೆ, ತಡ ಮಾಡಬೇಡಿ.

ಪೆರ್ಲದ ರೆಡ್ | ಆಗಸ್ಟ್ 16, ರಾತ್ರಿ 2.50

ನಿದ್ದೆ ಬರುವುದಿಲ್ಲ, ಬರೆಯುತ್ತೇನೆ. ಪಂದ್ಯ ನಮ್ಮ 12.30ಕ್ಕೆ ಶುರು. 20ನೇ ನಿಮಿಷಕ್ಕೆ ಆನ್‌ಫೀಲ್ಡ್ ಪೂರ್ತಿ ಜೋಟಾನಿಗೆ ಹಾಡಿತು. ಗೋದಾಮಿನಲ್ಲಿ ನಾವು ಐದು ಜನ ಎದ್ದು ನಿಂತೆವು. ಯಾರೂ ಮಾತಾಡಲಿಲ್ಲ.

ಲಿವರ್‌ಪೂಲ್ 2-0. ಆಮೇಲೆ ಸೆಮೆನ್ಯೊ ಒಂದು ಹೊಡೆದ. ಹನ್ನೆರಡು ನಿಮಿಷಕ್ಕೆ ಇನ್ನೊಂದು. ತಮ್ಮ ಕಡೆಯ ಅರ್ಧ ಮೈದಾನದಿಂದಲೇ ಚೆಂಡು ಹಿಡಿದು ಓಡಿ ಬಂದು ಹೊಡೆದ. 2-2. ಮೊದಲಾರ್ಧದಲ್ಲಿ ಗ್ಯಾಲರಿಯಿಂದ ಒಬ್ಬ ಅವನ ಬಣ್ಣ ಎತ್ತಿ ಬೈದಿದ್ದ, ಆಟವೇ ನಿಂತಿತ್ತು. ಅಷ್ಟಾದ ಮೇಲೆ ಅಂಥ ಗೋಲು. ನನ್ನ ಹಾಳೆಯಲ್ಲಿ ಗೋಲಿಗೇ 10 ಅಂಕ. ನನ್ನ ತಂಡ ಗೆಲ್ಲುವುದು ಕೈ ತಪ್ಪುತ್ತಿದೆ. ಎದ್ದು ಚಪ್ಪಾಳೆ ಹೊಡೆದೆ. ಅಂಕಕ್ಕಲ್ಲ, ಆ ಗೋಲಿಗೆ.

88ಕ್ಕೆ ಕಿಯೇಸಾ, ಕೊನೆಗೆ ಸಲಾಹ್. 4-2. ಆಗ ಹಾಕಿದ ಬೊಬ್ಬೆಗೆ ಕೆಳಗಿನ ಮನೆಯ ನಾಯಿ ಎದ್ದಿತು.

ತಳಂಗರೆ ಸಿಕ್ಸರ್ | ಬೆಳಿಗ್ಗೆ 6.30

ನಾನು ಹೇಳಿದೆನಲ್ಲ, ಒಂದೇ ಹೊಟ್ಟೆ.

ಮೊಗ್ರಾಲ್ ಎಡಗಾಲು | ಬೆಳಿಗ್ಗೆ 8.00

ಬಣ್ಣ ಎತ್ತಿ ಬೈದವನಿಗೆ ಮೈದಾನದ ಬಾಗಿಲು ಜೀವನಪೂರ್ತಿ ಮುಚ್ಚಬೇಕು. ನಮ್ಮ ಸೆವೆನ್ಸಿಗೂ ಆಫ್ರಿಕಾದಿಂದ ಹುಡುಗರು ಬರುತ್ತಾರೆ. ಮಳೆಯಲ್ಲಿ ನಮ್ಮೊಟ್ಟಿಗೆ ಕೂತು ಗಂಜಿ ಉಂಡವರು. ಗ್ಯಾಲರಿಯಲ್ಲಿ ಅಂಥ ಮಾತು ಕೇಳಿದರೆ ಸುಮ್ನೆ ಕೂರಬೇಡಿ, ಪಕ್ಕದವನಾದರೂ ಎಬ್ಬಿಸಿ ಕಳಿಸಿ.

ಮುಳ್ಳೇರಿಯ ಸ್ಮ್ಯಾಶ್ | ಆಗಸ್ಟ್ 18, ರಾತ್ರಿ 9.15

ನಮ್ಮ ಸಮಿತಿ ಒಪ್ಪಿತು. ಎರಡು ಸಭೆ ಬೇಕಾಯಿತು. 24ರ ಭಾನುವಾರ ಕೆಸರುಗದ್ದೆಯಲ್ಲಿ ಆರು ತಂಡ. ಇವತ್ತು ಸಂಜೆ ಆರು ಕ್ಯಾಪ್ಟನ್ ನಮ್ಮ ಅಡುಗೆ ಕೋಣೆಯಲ್ಲಿ ಕೂತು ಹಾವಿನ ಸರತಿಯಲ್ಲಿ 36 ಜನರನ್ನು ಆರಿಸಿದರು. ಮುಕ್ಕಾಲು ಗಂಟೆ. ಯಾರೂ ಬಾಕಿ ಇಲ್ಲ. ಪಟ್ಟಿ ಅಕಾರಾದಿಯಲ್ಲಿ ಬರೆದು ಹಾಕಿದ್ದೇನೆ ಮಾಷ್ಟ್ರೇ. ಗೋಲಿಯವರೇ, ಖರ್ಚಿಗೆ ಮಾಲೀಕರಿಲ್ಲ. ಮನೆಗೆ ಇಷ್ಟು ಅಂತ ಎತ್ತಿದ್ದೇವೆ. ಊಟ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ.

ತಮ್ಮನೂ ಹೆಸರು ಕೊಟ್ಟಿದ್ದ. ರಾತ್ರಿ ಊಟಕ್ಕೆ ಕೂತಾಗ ಕೇಳಿದ, "ಅಕ್ಕ, ನನ್ನನ್ನು ಎಷ್ಟನೇ ಸುತ್ತಿನಲ್ಲಿ ಎತ್ತಿದರು?" ಆ ಹಾಳೆ ಒಲೆಗೆ ಹಾಕಿ ಆಗಿದೆ ಅಂದೆ. ಮತ್ತೆ ಕೇಳಲಿಲ್ಲ. ಅನ್ನ ಎರಡು ಸಲ ಹಾಕಿಸಿಕೊಂಡ.

ಚೆಂಡೆಪೆಟ್ಟು | ರಾತ್ರಿ 9.40

ಅಕ್ಕ, ಬಹುಮಾನ ಎಷ್ಟು ಗಂಟೆಗೆ? ಚೆಂಡೆ ತರುತ್ತೇನೆ.

ಮುಳ್ಳೇರಿಯ ಸ್ಮ್ಯಾಶ್ | ರಾತ್ರಿ 9.42

ಸಂಜೆ ಐದಕ್ಕೆ. ಮಳೆ ಬಂದರೆ ಶಾಲೆಯ ಜಗಲಿಯಲ್ಲಿ. ಬೆಳಿಗ್ಗೆಯೇ ಬನ್ನಿ, ಗಂಜಿ ಉಂಟು.